ಆಮ್ಲ, ಬೆಳಕು ಮತ್ತು ನಮ್ಮ ಸೀಮೆಯ ನೀರು

ಪ್ರತಿ ವರ್ಷವೂ ಪರೀಕ್ಷೆಗಳು ಸಮೀಪಿಸುವ ದಿನಗಳಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಉಂಟು. ಉಪಾಧ್ಯಾಯರು ಮುಂದಿನ ಸಾಲಿನ ಕುರ್ಚಿಗಳಲ್ಲಿ. ಮಕ್ಕಳು ಹಿಂದೆ, ಬೆಂಚುಗಳ ಮೇಲೆ. ಛಾಯಾಗ್ರಾಹಕನು "ಸ್ವಲ್ಪ ನಗಿರಪ್ಪಾ" ಎಂದು ಕೂಗುತ್ತಾನೆ. ಆಗ ಅಲ್ಲೊಬ್ಬ ಇಲ್ಲೊಬ್ಬಳು ತುಟಿಗಳನ್ನು ಮೊದಲಿಗಿಂತಲೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ಹೊರಗಿನಿಂದ ಬಂದವರು ಇದನ್ನು ಗಾಂಭೀರ್ಯವೆಂದೋ, ಹಳ್ಳಿಯ ಮಕ್ಕಳ ಸಂಕೋಚವೆಂದೋ ಭಾವಿಸುವುದುಂಟು. ರಾಯದುರ್ಗ, ಮಡಕಶಿರಗಳ ಕಡೆಯವರಾದ ನಮಗೆ ಅದರ ಕಾರಣ ಗೊತ್ತು. ಹಲ್ಲಿನ ಮೇಲೆ ಅಡ್ಡವಾಗಿ ಹಾಯ್ದ ಸುಣ್ಣದಂಥ ಬಿಳಿಯ ಗೆರೆಗಳು, ಅವುಗಳ ನಡುನಡುವೆ ಕಂದು ಕಲೆಗಳು. ಎಷ್ಟು ಉಜ್ಜಿದರೂ ಹೋಗದಂಥವು. ಹಲ್ಲು ಉಜ್ಜದ ಸೋಮಾರಿಯೆಂದು ಮಗುವನ್ನು ಬೈಯುವವರು ಇಂದಿಗೂ ಇದ್ದಾರೆ. ಅವರಲ್ಲಿ ಉಪಾಧ್ಯಾಯರೂ ಇದ್ದಾರೆ.

ಇಂಥ ಮಕ್ಕಳಲ್ಲಿ ಕೆಲವರು ಬೆಳೆದು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ, ಸೊಟ್ಟಾದ ಹಲ್ಲುಗಳನ್ನು ನೇರ ಮಾಡಿಸಿಕೊಳ್ಳಲೆಂದು ದಂತವೈದ್ಯರಲ್ಲಿಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಮತ್ತೊಂದು ಸಂಗತಿ ತಿಳಿಯುತ್ತದೆ. ಹಲ್ಲಿನ ಮೇಲೆ ಅಂಟಿಸುವ ಚಿಕ್ಕ ಕೊಂಡಿಯು—ವೈದ್ಯರು ಬ್ರ್ಯಾಕೆಟ್ ಎನ್ನುವುದು ಇದನ್ನೇ—ಬೇರೆಯವರ ಹಲ್ಲಿನ ಮೇಲೆ ನಿಲ್ಲುವಷ್ಟು ಸುಲಭವಾಗಿ ಇವರ ಹಲ್ಲಿನ ಮೇಲೆ ನಿಲ್ಲದು. ಏಕೆಂದು ಕೇಳಹೊರಟರೆ ಆ ಪ್ರಶ್ನೆಯು ನಮ್ಮನ್ನು ಅಮೆರಿಕದ ಒಂದು ಬೆಟ್ಟದೂರಿಗೂ, ಹಳೆಯ ಮದರಾಸು ಸಂಸ್ಥಾನದ ನೆಲ್ಲೂರಿಗೂ, ಕೊನೆಗೆ ನಮ್ಮದೇ ಬಾವಿಗಳ ದಡಕ್ಕೂ ಕರೆದೊಯ್ಯುತ್ತದೆ. ಅರಸರ ಚರಿತ್ರೆಯನ್ನು ಓದಿಸುವ ನಾವು ಈ ಸಣ್ಣ ಚರಿತ್ರೆಯನ್ನೂ ಒಮ್ಮೆ ಓದಿ ನೋಡಬಹುದು.

ಸೊಟ್ಟ ಹಲ್ಲನ್ನು ನೇರಗೊಳಿಸುವ ಆಸೆ ಹೊಸದಲ್ಲ. ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬಾತನು 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ, ಲೋಹದ ಪಟ್ಟಿಯೊಂದಕ್ಕೆ ಹಲ್ಲುಗಳನ್ನು ದಾರದಿಂದ ಕಟ್ಟಿ ಎಳೆಯುವ ಉಪಾಯವನ್ನು ವಿವರಿಸಿದ್ದಾನೆ. ಅದನ್ನು ಒಂದು ಶಾಸ್ತ್ರವೆನ್ನುವಂತೆ ಕಟ್ಟಿದವನು ಅಮೆರಿಕದ ಎಡ್ವರ್ಡ್ ಆಂಗಲ್. ಹಲ್ಲುಸಾಲುಗಳ ವಕ್ರತೆಯನ್ನು ಆತ 1899ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿದನು. ಆ ವಿಂಗಡಣೆ ಇಂದಿಗೂ ಪಾಠಪುಸ್ತಕಗಳಲ್ಲಿ ಉಳಿದಿದೆ. ಆದರೆ ಆಂಗಲನ ಕಾಲದಲ್ಲಿಯೂ ಅನಂತರ ಬಹುಕಾಲವೂ ಹಲ್ಲಿಗೆ ನೇರವಾಗಿ ಏನನ್ನೂ ಅಂಟಿಸುವ ಮಾರ್ಗವಿರಲಿಲ್ಲ. ಪ್ರತಿಯೊಂದು ಹಲ್ಲಿಗೂ ಬೆರಳಿಗೆ ಉಂಗುರ ತೊಡಿಸಿದಂತೆ ಲೋಹದ ಬಳೆಯೊಂದನ್ನು ತೊಡಿಸಿ, ಕೊಂಡಿಯನ್ನು ಆ ಬಳೆಗೆ ಬೆಸೆಯಬೇಕಾಗಿತ್ತು. ಬಾಯಿಯ ತುಂಬ ಲೋಹ. ಬಳೆಯ ಅಡಿಯಲ್ಲಿ ಆಹಾರದ ಕಣಗಳು ಸೇರಿ ಹುಳುಕು.

ಇದನ್ನು ಬದಲಾಯಿಸಿದ ವರ್ಷ 1955. ನ್ಯೂಯಾರ್ಕ್ ಪ್ರಾಂತದ ರಾಚೆಸ್ಟರ್ ನಗರದಲ್ಲಿದ್ದ ಮೈಕೇಲ್ ಬೂನಕೋರ್ ಎಂಬ ಸಂಶೋಧಕನು ಕಾರ್ಖಾನೆಗಳಲ್ಲಿ ನಡೆಯುತ್ತಿದ್ದ ಒಂದು ಸಾಧಾರಣ ಕೆಲಸವನ್ನು ಗಮನಿಸಿದನು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಅದರ ಮೇಲ್ಮೈಯನ್ನು ಮೊದಲು ಫಾಸ್ಫಾರಿಕ್ ಆಮ್ಲದಿಂದ ಸಿದ್ಧಗೊಳಿಸುತ್ತಿದ್ದರು. ಲೋಹಕ್ಕೆ ಸಲ್ಲುವುದು ಹಲ್ಲಿಗೇಕೆ ಸಲ್ಲದು? ಅವನು ಶೇಕಡಾ 85ರ ಫಾಸ್ಫಾರಿಕ್ ಆಮ್ಲವನ್ನು ಮೂವತ್ತು ಸೆಕೆಂಡುಗಳ ಕಾಲ ಹಲ್ಲಿನ ಮೇಲಿಟ್ಟು, ತೊಳೆದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್ ರಾಳವನ್ನು ಹನಿಸಿದನು. ಆಮ್ಲವಿಲ್ಲದೆ ಹಾಕಿದ ರಾಳ ಬೇಗನೆ ಉದುರಿಹೋದರೆ, ಆಮ್ಲದ ಅನಂತರ ಹಾಕಿದುದು ಎಷ್ಟೋ ಪಟ್ಟು ಹೆಚ್ಚು ಕಾಲ ನಿಂತಿತು.

ಇದರ ಮರ್ಮವನ್ನು ತಿಳಿಯಲು ಪ್ರಯೋಗಶಾಲೆಯೇನೂ ಬೇಡ. ಗೋಡೆಗೆ ಹೊಸ ಗಾರೆ ಹಿಡಿಯಬೇಕಾದರೆ ಹಳೆಯ ನುಣುಪನ್ನು ಕೊಚ್ಚಿ ಒರಟು ಮಾಡಬೇಕೆಂಬುದು ನಮ್ಮ ಮೇಸ್ತ್ರಿಗಳಿಗೆಲ್ಲ ಗೊತ್ತು. ಹಲ್ಲಿನ ಮೇಲ್ಪದರವಾದ ಎನಾಮೆಲ್, ಅಂದರೆ ದಂತಕವಚ, ನಮ್ಮ ದೇಹದಲ್ಲಿರುವ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ 96 ಪಾಲು ಅದು ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಕೂಡಿದ ಸಣ್ಣ ಹರಳುಗಳು, ಕಟ್ಟಿಗೆಯ ಹೊರೆಯಂತೆ ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಆಮ್ಲ ತಗುಲಿದಾಗ ಮೇಲಿನ ಪದರವು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಕರಗುತ್ತದೆ. ಕೆಳಗೆ ಉಳಿದ ಹರಳುಗಳಲ್ಲಿ ಕೆಲವು ಬೇಗ, ಕೆಲವು ನಿಧಾನವಾಗಿ ಕರಗುವುದರಿಂದ ಜೇನುಹಟ್ಟಿಯಂಥ ಸಣ್ಣ ರಂಧ್ರಗಳು ಏರ್ಪಡುತ್ತವೆ. ದ್ರವರೂಪದ ರಾಳವು ಆ ರಂಧ್ರಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಬೇರು ಬಿಟ್ಟ ಗಿಡದಂತೆ ಹಿಡಿದುಕೊಳ್ಳುತ್ತದೆ. ಇದರಲ್ಲಿ ಅಂಟಿಗಿಂತ ಹಿಡಿತವೇ ಮುಖ್ಯ.

ಒಳ್ಳೆಯ ರಾಳ ದೊರೆತುದು ಅನಂತರ. ಅಮೆರಿಕದ ರಾಫೇಲ್ ಬೋವೆನ್ ರೂಪಿಸಿದ ಹೊಸ ರಾಳಕ್ಕೆ 1962ರಲ್ಲಿ ಪೇಟೆಂಟು ದೊರೆಯಿತು. 1965ರಲ್ಲಿ ನ್ಯೂಜರ್ಸಿಯ ಜಾರ್ಜ್ ನ್ಯೂಮನ್ ಎಂಬ ದಂತವೈದ್ಯನು ಆಮ್ಲದಿಂದ ಒರಟುಗೊಳಿಸಿದ ಹಲ್ಲಿಗೆ ಎಪಾಕ್ಸಿ ಅಂಟಿನಿಂದ ಕೊಂಡಿಗಳನ್ನು ನೇರವಾಗಿ ಅಂಟಿಸಿದ ಬಗೆಯನ್ನು ಪ್ರಕಟಿಸಿದನು. ಮುಂಭಾಗದ ಹಲ್ಲುಗಳಿಗೆ ಬಳೆ ತೊಡಿಸುವ ಕಾಲ ಅಲ್ಲಿಂದ ಮುಗಿಯತೊಡಗಿತು. ಇಂದು ವೈದ್ಯರು ಬಳಸುವುದು ಸಾಮಾನ್ಯವಾಗಿ ಶೇಕಡಾ 37ರ ಆಮ್ಲ. ಅವಧಿ ಹದಿನೈದರಿಂದ ಮೂವತ್ತು ಸೆಕೆಂಡು. ಕೊಂಡಿಯ ಹಿಡಿತ ಎಷ್ಟಿರಬೇಕೆಂಬುದಕ್ಕೆ ಇಂಗ್ಲೆಂಡಿನ ರೆನಾಲ್ಡ್ಸ್ ಎಂಬಾತನು 1975ರಲ್ಲಿ ಒಂದು ಅಂದಾಜನ್ನು ಕೊಟ್ಟನು: ಒಂದು ಚದರ ಸೆಂಟಿಮೀಟರಿಗೆ 60ರಿಂದ 80 ಕಿಲೋಗ್ರಾಂ ಭಾರ ತಡೆದರೆ ಸಾಕು. ಅತಿಯಾದ ಹಿಡಿತವೂ ಬೇಡ. ಚಿಕಿತ್ಸೆ ಮುಗಿದ ಮೇಲೆ ಕೊಂಡಿಯನ್ನು ಕೀಳಬೇಕಲ್ಲ, ಆಗ ಅದರೊಡನೆ ಹಲ್ಲಿನ ಚೂರೂ ಬಂದರೆ ಗತಿಯೇನು?

ಇಷ್ಟು ಸಂಗತಿ ಜಗತ್ತಿನ ಎಲ್ಲ ಹಲ್ಲುಗಳಿಗೂ ಸಲ್ಲುವಂಥದು. ಆದರೆ ನಮ್ಮ ಸೀಮೆಯ ಹಲ್ಲುಗಳದು ಬೇರೆಯೇ ಕಥೆ. ಆ ಕಥೆಯ ಮೊದಲ ಅಧ್ಯಾಯ ನಡೆದುದು ಇಲ್ಲಿಂದ ಬಹು ದೂರದಲ್ಲಿ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ವೃತ್ತಿಗಾಗಿ ಬಂದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡು ಬೆರಗಾದನು. ಊರಿನವರಿಗೆ ಅದು ಬೆರಗಲ್ಲ. "ಕೊಲರಾಡೋ ಕಲೆ" ಎಂಬ ಹೆಸರಿಟ್ಟು ಸುಮ್ಮನಾಗಿದ್ದರು. ಹೊರಗಿನಿಂದ ಬಂದು ನೆಲಸಿದ ದೊಡ್ಡವರಿಗೆ ಆ ಕಲೆ ಇರಲಿಲ್ಲ. ಅಂದಿನ ಪ್ರಸಿದ್ಧ ದಂತವಿದ್ವಾಂಸನಾದ ಜಿ. ವಿ. ಬ್ಲ್ಯಾಕನು 1909ರಿಂದ 1915ರಲ್ಲಿ ತಾನು ತೀರಿಕೊಳ್ಳುವವರೆಗೂ ಮೆಕೇಯ ಜೊತೆಗೂಡಿ ಈ ಕಲೆಯನ್ನು ಪರೀಕ್ಷಿಸಿದನು. ಅವರಿಬ್ಬರೂ ಎರಡು ಮುಖ್ಯ ವಿಷಯಗಳನ್ನು ಕಂಡುಕೊಂಡರು. ಕಲೆಯು ದಂತಕವಚ ಮೂಡುವಾಗಲೇ, ಎಂದರೆ ಬಾಲ್ಯದಲ್ಲಿಯೇ, ಆಗುವಂಥದು. ಬೆಳೆದ ಹಲ್ಲಿಗೆ ಅದು ಹೊಸದಾಗಿ ಬಾರದು. ಎರಡನೆಯದು ಯಾರೂ ನಿರೀಕ್ಷಿಸದಿದ್ದುದು: ನೋಡಲು ಕುರೂಪವಾದ ಆ ಹಲ್ಲುಗಳಿಗೆ ಹುಳುಕು ಹತ್ತುವುದು ಕಡಿಮೆ. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮ್ಮ ತೊಡಕಿನ ಗಂಟು.

ನೀರಿನ ಮೇಲೆ ಮೆಕೇಗೆ ಸಂಶಯವಿತ್ತು. ನೀರಿನಲ್ಲಿ ಏನಿದೆಯೆಂಬುದು ತಿಳಿಯಲಿಲ್ಲ. ಅದು ಬಯಲಾದುದು 1931ರಲ್ಲಿ. ಅರ್ಕನ್ಸಾಸ್ ಪ್ರಾಂತದ ಬಾಕ್ಸೈಟ್ ಎಂಬ ಊರು ಅಲ್ಯುಮಿನಿಯಂ ಕಂಪನಿಯ ಗಣಿಯೂರು. ಅಲ್ಲಿನ ಮಕ್ಕಳಿಗೂ ಇದೇ ಕಲೆ. ಅಲ್ಯುಮಿನಿಯಂ ಪಾತ್ರೆಗಳ ಮೇಲೆ ಅಪವಾದ ಬಂದೀತೆಂದು ಹೆದರಿದ ಕಂಪನಿಯ ಮುಖ್ಯ ರಸಾಯನಜ್ಞ ಚರ್ಚಿಲನು ಊರಿನ ನೀರನ್ನು ಸೂಕ್ಷ್ಮವಾಗಿ ಪರೀಕ್ಷೆ ಮಾಡಿಸಿದನು. ಹತ್ತು ಲಕ್ಷ ಪಾಲು ನೀರಿನಲ್ಲಿ 13.7 ಪಾಲು ಫ್ಲೋರೈಡು ಕಂಡುಬಂದಿತು. ಮೂವತ್ತು ವರ್ಷಗಳ ಒಗಟು, ವ್ಯಾಪಾರದ ಭಯವೊಂದರಿಂದ ಬಿಡಿಸಿಕೊಂಡಿತು.

ಅದಾದ ಆರು ವರ್ಷಕ್ಕೆ ಈ ವಿಷಯ ನಮ್ಮ ನಾಡಿನ ಬಾಗಿಲಿಗೆ ಬಂದಿತು. ಮದರಾಸಿನ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಫ್ಲೋರೈಡಿನ ರೋಗವನ್ನು ಗುರುತಿಸಿ 1937ರಲ್ಲಿ ಪ್ರಕಟಿಸಿದರು. ಹಲ್ಲಿನ ಕಲೆ ಅಲ್ಲಿ ಅಲ್ಪವಾದ ತೊಂದರೆಯಾಗಿತ್ತು. ಎಷ್ಟೋ ಜನರಿಗೆ ಬೆನ್ನು, ಕುತ್ತಿಗೆ, ಕೀಲುಗಳೇ ಸೆಟೆದುಹೋಗಿದ್ದುವು. ಆ ದಿನಗಳಲ್ಲಿ ರಾಯದುರ್ಗವು ಅದೇ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರವು ಅನಂತಪುರ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂದಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವು. 2022ರಲ್ಲಿ ಮತ್ತೆ ಗೆರೆ ಎಳೆದಾಗ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಾಗದದ ಮೇಲಿನ ಈ ಗೆರೆಗಳಾವುವೂ ನೆಲದ ಕೆಳಗಿನ ಬಂಡೆಯನ್ನು ಮುಟ್ಟಿಲ್ಲ. ಮಡಕಶಿರದ ಪಕ್ಕದ ಪಾವಗಡವು ಕರ್ನಾಟಕದಲ್ಲಿದೆ. ಫ್ಲೋರೈಡಿನ ಬಾಧೆ ಅಲ್ಲಿಯೂ ಉಂಟು. ಭಾಷೆಯಂತೆಯೇ ಬಂಡೆಯೂ ಎಲ್ಲೆಯನ್ನು ಲೆಕ್ಕಿಸದೆ ಹಬ್ಬಿದೆ.

ಆ ಬಂಡೆಯೇ ಇದಕ್ಕೆಲ್ಲ ಮೂಲ. ನಮ್ಮ ಸೀಮೆಯ ತಳದಲ್ಲಿರುವುದು ಗ್ರಾನೈಟು ಮತ್ತು ಅದರ ಜಾತಿಯ ಗಟ್ಟಿ ಶಿಲೆ. ಅದರಲ್ಲಿ ಫ್ಲೋರೈಡು ಇರುವ ಖನಿಜಗಳು ಬೆರೆತಿವೆ. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಾತ್ರ. ಬಿಸಿಲಿಗೆ ಆರಿಹೋಗುವುದೇ ಹೆಚ್ಚು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹೊಸ ಮಳೆಯ ನೀರು ಅದನ್ನು ತಿಳಿಗೊಳಿಸುವುದಿಲ್ಲ. ಕೆರೆಯ ನೀರಿಗೆ ಈ ದೋಷ ಕಡಿಮೆ. ಕೆರೆಗಳು ತುಂಬುತ್ತಿದ್ದ ಕಾಲದಲ್ಲಿ, ಕೆರೆಯ ಕೆಳಗಿನ ಸೇದುವ ಬಾವಿಗಳಿಗೂ ಆ ತಿಳಿನೀರಿನ ಸಹಾಯವಿತ್ತು. ಹಾಗೆಂದು ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವುದು ತಪ್ಪಾದೀತು. ನೆಲ್ಲೂರಿನ ಜನ ಕುಡಿಯುತ್ತಿದ್ದುದು ತೋಡಿದ ಬಾವಿಗಳ ನೀರನ್ನೇ. ಆದರೂ 1967ರ ಬರಗಾಲದ ದಿನಗಳಲ್ಲಿ ಯೂನಿಸೆಫ್ ಸಂಸ್ಥೆಯು ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದ ಮೇಲೆ ಕೊಳವೆಬಾವಿಯೇ ಹಳ್ಳಿಗಳ ಆಧಾರವಾಯಿತು. ಬಾಯಾರಿದವರಿಗೆ ಅದು ಮಹೋಪಕಾರ. ಆ ಉಪಕಾರದೊಡನೆ ಹಲವು ಊರುಗಳಲ್ಲಿ ಬಂಡೆಯೊಳಗಿನ ನೀರೇ ನೇರವಾಗಿ ಕೊಡಕ್ಕೆ ಬಂದಿತು. ಭಾರತದ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಮಿತಿಯಾಗಿಟ್ಟು, ಬೇರೆ ನೀರು ದೊರೆಯದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸುತ್ತದೆ. ಅನಂತಪುರದ ಕಡೆಯ ಎಷ್ಟೋ ಬಾವಿಗಳು ಆ ಗೆರೆಯನ್ನು ದಾಟಿವೆ.

ಹೇಮಾವತಿಯ ನೊಳಂಬರ ಶಾಸನಗಳನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರಿಗೆ ಈ ಮಾತು ಹಿಡಿಸಬಹುದು. ದಂತಕವಚವೂ ಒಂದು ಬಗೆಯ ಶಾಸನವೇ. ಎಲುಬು ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ದಂತಕವಚ ಮಾತ್ರ ಒಮ್ಮೆ ಮೂಡಿದ ಮೇಲೆ ಹೊಸದಾಗಿ ಬೆಳೆಯುವುದಿಲ್ಲ. ಮಗು ಮೊದಲ ಏಳೆಂಟು ವರ್ಷಗಳಲ್ಲಿ ಎಂಥ ನೀರು ಕುಡಿಯಿತೆಂಬುದು ಅದರಲ್ಲಿ ಬರೆದಿಟ್ಟಂತೆ ಉಳಿಯುತ್ತದೆ.

ಈ ಬರಹದ ಸ್ವಭಾವವೇ ದಂತವೈದ್ಯನಿಗೆ ತೊಡಕು. ಫ್ಲೋರೈಡು ಹೆಚ್ಚಾದ ಹಲ್ಲಿನಲ್ಲಿ ಹೊರಗಿನ ತೆಳುಪದರವು ಫ್ಲೋರೈಡನ್ನು ಸೇರಿಸಿಕೊಂಡು ಆಮ್ಲಕ್ಕೆ ಬೇಗ ಕರಗದಂತಾಗುತ್ತದೆ. ಅದರ ಕೆಳಗಿನ ಭಾಗವಾದರೋ ಖನಿಜ ಸಾಲದೆ ಪೊಳ್ಳಾಗಿರುತ್ತದೆ. ಮೇಲೆ ಬಂಡೆ, ಕೆಳಗೆ ಜಾಳು. ಬ್ಲ್ಯಾಕನೂ ಮೆಕೇಯೂ ಕಂಡ ಸಂಗತಿಗೆ ಅರ್ಥ ಇಲ್ಲಿದೆ: ಹುಳುಕು ಎಂಬುದು ಬಾಯಿಯ ಸೂಕ್ಷ್ಮಜೀವಿಗಳು ಹುಟ್ಟಿಸುವ ಆಮ್ಲದ ಕೆಲಸ, ಆ ಆಮ್ಲವನ್ನು ತಡೆದ ಪದರವು ವೈದ್ಯನ ಆಮ್ಲವನ್ನೂ ತಡೆಯುತ್ತದೆ. ಹಲ್ಲನ್ನು ಕಾಪಾಡಿದ ಗುಣವೇ ಚಿಕಿತ್ಸೆಗೆ ಅಡ್ಡ ನಿಲ್ಲುತ್ತದೆ. ಬೂನಕೋರನ ಜೇನುಹಟ್ಟಿ ಇಲ್ಲಿ ಸರಿಯಾಗಿ ಮೂಡುವುದಿಲ್ಲ; ರಾಳಕ್ಕೆ ಬೇರಿಳಿಸಲು ಸಾಕಷ್ಟು ಎಡೆ ದೊರೆಯುವುದಿಲ್ಲ. ಕಲೆ ತೆಳುವಾಗಿದ್ದರೆ ಅಷ್ಟು ವ್ಯತ್ಯಾಸವಿಲ್ಲ; ಕಂದು ಬಣ್ಣ ದಟ್ಟವಾಗಿ, ಮೇಲ್ಮೈ ಕುಳಿ ಬಿದ್ದ ಹಲ್ಲುಗಳಲ್ಲಿ ಕೊಂಡಿ ಕಳಚುವ ಭಯ ಹೆಚ್ಚು.

ಕೊಂಡಿ ಕಳಚುವುದು ಪಟ್ಟಣದವರಿಗೆ ಸಣ್ಣ ಮಾತು. ರಾಯದುರ್ಗದ ಕಡೆಯವರಿಗೆ ಬಳ್ಳಾರಿಗೆ, ಮಡಕಶಿರದ ಕಡೆಯವರಿಗೆ ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗಿಬರಬೇಕೆಂದರೆ ತಂದೆಗೆ ಒಂದು ದಿನದ ಕೂಲಿ, ಮಗುವಿಗೆ ಒಂದು ದಿನದ ಪಾಠ, ಇಬ್ಬರಿಗೂ ಬಸ್ಸಿನ ಖರ್ಚು. ಚಿಕಿತ್ಸೆಯ ಅವಧಿಯಾದರೂ ಒಂದೂವರೆ, ಎರಡು ವರ್ಷ. ಜೋಳದ ರೊಟ್ಟಿ, ಕಡಲೆಕಾಯಿ ತಿನ್ನುವ ಬಾಯಿ ಅದು. ಎರಡು ಸಲ, ಮೂರು ಸಲ ಕಳಚಿದ ಮೇಲೆ "ಸಾಕು, ಹೇಗಿದೆಯೋ ಹಾಗೇ ಇರಲಿ" ಎಂದು ಬಿಟ್ಟವರನ್ನು ನಾನು ಬಲ್ಲೆ. ಅರ್ಧ ಎಳೆದು ಬಿಟ್ಟ ಹಲ್ಲುಗಳು ಮತ್ತೆ ಹಳೆಯ ಜಾಗದ ಕಡೆಗೆ ಸರಿಯತೊಡಗುತ್ತವೆ. ಕೊಟ್ಟ ಹಣ ಮಾತ್ರ ಹಿಂದಕ್ಕೆ ಸರಿಯುವುದಿಲ್ಲ.

ವೈದ್ಯರು ಸುಮ್ಮನೆ ಕೂತಿಲ್ಲ. ಆಮ್ಲವಿಡುವ ಅವಧಿಯನ್ನು ಹೆಚ್ಚಿಸಿದರು. ಮೇಲಿನ ಹಟಮಾರಿ ಪದರವನ್ನು ಮೊದಲು ನವುರಾಗಿ ಉಜ್ಜಿ ತೆಗೆದು ಅನಂತರ ಆಮ್ಲ ಹಚ್ಚಿದರು. ಹಿಡಿತ ಹೆಚ್ಚಿಸುವ ಬೇರೆ ಲೇಪಗಳನ್ನು ತಂದರು. ಇವುಗಳಿಂದ ಪ್ರಯೋಜನವಾಗಿದೆ. ಆದರೆ ಆಮ್ಲವನ್ನು ಹೆಚ್ಚು ಹೊತ್ತು ಇಟ್ಟಷ್ಟೂ ಲಾಭವೆಂದು ತಿಳಿಯಬಾರದು. ಪೊಳ್ಳು ಪದರಕ್ಕೆ ತಲುಪಿದ ಆಮ್ಲ ಅದನ್ನು ಮತ್ತಷ್ಟು ಸಡಿಲಗೊಳಿಸುತ್ತದೆ; ಕೊಂಡಿ ಕೀಳುವ ದಿನ ಹಲ್ಲಿನ ಚಕ್ಕೆ ಏಳುವುದು ಇಂಥಲ್ಲಿಯೇ.

ಆಮ್ಲ ಸೋತಲ್ಲಿ ಬೆಳಕು ಗೆದ್ದೀತೆ ಎಂಬ ಆಲೋಚನೆಗೆ ಇಲ್ಲಿ ಎಡೆಯಾಯಿತು. ಲೇಸರ್ ಕಿರಣವನ್ನು ಮೊದಲು ಹೊರಡಿಸಿದವನು ಕ್ಯಾಲಿಫೋರ್ನಿಯದ ಥಿಯೋಡೋರ್ ಮೈಮನ್. ಮಾಣಿಕ್ಯದ ಕಡ್ಡಿಯಿಂದ, 1960ರ ಮೇ 16ರಂದು. ನಾಲ್ಕೇ ವರ್ಷಗಳಲ್ಲಿ, ಎಂದರೆ 1964ರಲ್ಲಿ, ಸ್ಟರ್ನ್ ಮತ್ತು ಸೊಗ್ನೆಸ್ ಎಂಬವರು ಆ ಕಿರಣವನ್ನು ಹಲ್ಲಿನ ಮೇಲೆ ಹಾಯಿಸಿ ನೋಡಿದರು. ದಂತಕವಚ ಕರಗಿ ಗಾಜಿನಂತಾಯಿತು. ಅದೇ ವರ್ಷ ಬಾರಾಮತಿಯಲ್ಲಿ ಹುಟ್ಟಿದ ನಮ್ಮವರೇ ಆದ ಸಿ. ಕೆ. ಎನ್. ಪಟೇಲರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಇಂಗಾಲದ ಡೈಆಕ್ಸೈಡಿನ ಲೇಸರನ್ನು ಕಂಡುಹಿಡಿದರು. ಅದನ್ನೂ ಮುಂದೆ ಹಲ್ಲಿನ ಮೇಲೆ ಪ್ರಯೋಗಿಸಿದರು. ಎಲ್ಲೆಡೆಯೂ ಎದುರಾದ ವೈರಿ ಒಂದೇ, ಶಾಖ. ಹಲ್ಲಿನ ಒಡಲಲ್ಲಿ ನರವೂ ರಕ್ತವೂ ಇರುವ ಜೀವಂತ ತಿರುಳಿದೆ. ಜ್ಯಾಕ್ ಮತ್ತು ಕೋಹೆನ್ ಎಂಬವರು 1965ರಲ್ಲಿ ಮಂಗಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಿರುಳಿನ ಉಷ್ಣತೆ 5.5 ಡಿಗ್ರಿ ಸೆಂಟಿಗ್ರೇಡ್ ಏರಿದರೂ ನೂರಕ್ಕೆ ಹದಿನೈದು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ.

ದಾರಿ ತೆರೆದುದು ಎರ್ಬಿಯಂ ಎಂಬ ಧಾತುವನ್ನು ಬೆರೆಸಿದ ಹರಳಿನ ಲೇಸರಿನಿಂದ. 1989ರಲ್ಲಿ ಜರ್ಮನಿಯ ಹಿಬ್ಸ್ಟ್ ಮತ್ತು ಕೆಲ್ಲರ್ ಅದರ ಪರಿಣಾಮವನ್ನು ಪ್ರಕಟಿಸಿದರು. 1997ರಲ್ಲಿ ಅಮೆರಿಕದ ಸರ್ಕಾರ ಅದನ್ನು ಹಲ್ಲಿನ ಗಟ್ಟಿಭಾಗದ ಮೇಲೆ ಬಳಸಲು ಒಪ್ಪಿತು. ಅದರ ತರಂಗದ ಉದ್ದ 2940 ನ್ಯಾನೋಮೀಟರ್. ನೀರು ಅತ್ಯಂತ ಹೆಚ್ಚಾಗಿ ಹೀರುವ ಕಿರಣ ಅದು. ದಂತಕವಚದ ಹರಳುಗಳ ನಡುವೆ ಅಡಗಿದ ಅಲ್ಪ ನೀರು ಕಿರಣ ತಗುಲಿದೊಡನೆ ಆವಿಯಾಗಿ ಸಿಡಿದು, ಸುತ್ತಲಿನ ಖನಿಜವನ್ನು ಎಬ್ಬಿಸಿ ಹಾಕುತ್ತದೆ. ಶಾಖ ಒಳಕ್ಕಿಳಿಯದಂತೆ ಮೇಲೆ ನೀರು ಸಿಂಪಡಿಸುತ್ತಿರುತ್ತಾರೆ. ಬೀಸುವ ಕಲ್ಲು ಸವೆದು ನುಣುಪಾದಾಗ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆಯಿಸಿ ಒರಟು ಮಾಡಿಸುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಲೇಸರಿನದು ಅಂಥ ಉಳಿಯ ಕೆಲಸ. ಆಮ್ಲದ್ದು ನೆನೆಹಾಕಿ ಸಡಿಲಿಸುವ ಕೆಲಸ. ಉಳಿಗೆ ಕಲ್ಲು ಕರಗುವ ಜಾತಿಯದೋ ಅಲ್ಲವೋ ಎಂಬ ಚಿಂತೆ ಕಡಿಮೆ. ನಮ್ಮ ಹಲ್ಲುಗಳ ವಿಷಯದಲ್ಲಿ ಲೇಸರಿನ ಮೇಲೆ ಆಸೆ ಹುಟ್ಟಿದುದು ಇದರಿಂದಲೇ. ಅದು ಹಾಯ್ದ ಭಾಗವು ಮುಂದೆ ಹುಳುಕಿನ ಆಮ್ಲವನ್ನು ಹೆಚ್ಚು ತಡೆಯುವುದೆಂದೂ, ಕೊಂಡಿಯ ಸುತ್ತ ಬಿಳಿ ಮಚ್ಚೆ ಏಳುವುದು ತಗ್ಗುವುದೆಂದೂ ಹೇಳುವವರಿದ್ದಾರೆ.

ಆಸೆಗೆ ತಕ್ಕ ಫಲ ಬಂದಿತೆ? ಪ್ರಯೋಗಗಳ ತೀರ್ಪು ಒಂದೇ ಬಗೆಯದಲ್ಲ. ಕೆಲವದರಲ್ಲಿ ಲೇಸರ್ ಆಮ್ಲಕ್ಕೆ ಸಮನಾಗಿ ನಿಂತಿದೆ. ಹಲವದರಲ್ಲಿ ಹಿಂದೆ ಬಿದ್ದಿದೆ. ಕಿರಣದ ಬಲ, ಅವಧಿ, ದೂರ, ವೈದ್ಯನ ಕೈ ಇವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಫಲ ಬೇರೆ. ಕಿರಣ ಸಿಡಿಸಿದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಉಳಿಯುವುದುಂಟು. ಅದಕ್ಕಾಗಿ ಲೇಸರಿನ ಅನಂತರ ಆಮ್ಲವನ್ನೂ ಹಚ್ಚಿ ನೋಡಿದವರಿದ್ದಾರೆ. ಆಮ್ಲದ ಒಂದು ಕೊಳವೆ ಅಗ್ಗ. ಲೇಸರ್ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ, ಅದು ರೋಗಿಯ ಲೆಕ್ಕಕ್ಕೇ ಬರುತ್ತದೆ. ಆದುದರಿಂದ ಲೇಸರ್ ಬಂದಿದೆ, ಇನ್ನು ಚಿಂತೆಯಿಲ್ಲ ಎಂದು ಯಾರಾದರೂ ನಮ್ಮ ಹಳ್ಳಿಯವರಿಗೆ ಹೇಳಿದರೆ ಅದು ಅರ್ಧ ಮಾತು. ಬೂನಕೋರನ ಆಮ್ಲವೇ ಇಂದಿಗೂ ವೈದ್ಯರ ಮೊದಲ ಆಯ್ಕೆ. ಕಲೆ ಹೆಚ್ಚಿದ ಹಲ್ಲಿಗೆ ಮೇಲ್ಪದರವನ್ನು ಮೊದಲು ಉಜ್ಜಿ ತೆಗೆದು, ಆಮ್ಲವನ್ನು ಅಳತೆಯರಿತು ಹಚ್ಚುವ ಎಚ್ಚರದ ವೈದ್ಯನು ದುಬಾರಿ ಯಂತ್ರಕ್ಕಿಂತ ಹೆಚ್ಚು ಉಪಯುಕ್ತನೆಂಬುದು ನನ್ನ ಅಭಿಪ್ರಾಯ. ಚಿಕಿತ್ಸೆಗೆ ಹೋದವರು "ನಮ್ಮೂರಿನ ನೀರು ಇಂಥದು" ಎಂದು ಮೊದಲೇ ತಿಳಿಸುವುದು ಒಳ್ಳೆಯದು.

ಮೆಕೇಯ ಕಥೆಯಲ್ಲಿ ನಾನು ಹೇಳದೆ ಬಿಟ್ಟ ಒಂದು ಭಾಗವಿದೆ. 1923ರಲ್ಲಿ ಆತನು ಐಡಾಹೋ ಪ್ರಾಂತದ ಓಕ್ಲಿ ಎಂಬ ಸಣ್ಣ ಊರಿಗೆ ಹೋದನು. ಊರಿಗೆ ದೂರದ ಬಿಸಿನೀರಿನ ಚಿಲುಮೆಯೊಂದರಿಂದ ಕೊಳವೆ ಹಾಕಿಸಿದ ಮೇಲೆ ಮಕ್ಕಳ ಹಲ್ಲುಗಳಲ್ಲಿ ಕಲೆ ಕಾಣಿಸಿಕೊಂಡಿತೆಂದು ತಾಯಂದಿರು ಅವನಿಗೆ ಹೇಳಿದರು. ನೀರಿನಲ್ಲಿ ಏನಿದೆಯೆಂದು ಅವನಿಗೆ ಆಗಿನ್ನೂ ತಿಳಿದಿರಲಿಲ್ಲ. ಆದರೂ ಆ ಕೊಳವೆಯನ್ನು ಬಿಟ್ಟು ಬೇರೆ ಚಿಲುಮೆಯ ನೀರನ್ನು ತರಿಸಿಕೊಳ್ಳಿರೆಂದು ಸಲಹೆ ಕೊಟ್ಟನು. ಊರಿನವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಅಲ್ಲಿನ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಮೂಡಿತು. ನಮ್ಮ ಕಡೆಯೂ ಇಂಥ ಪ್ರಯತ್ನಗಳು ನಡೆದಿವೆ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆಯು ಪಟಿಕ ಮತ್ತು ಸುಣ್ಣದಿಂದ ಫ್ಲೋರೈಡನ್ನು ಇಳಿಸುವ ನಲ್ಗೊಂಡ ವಿಧಾನವನ್ನು ರೂಪಿಸಿತು. 1990ರ ದಶಕದ ನಡುವೆ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯು ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ನೀರನ್ನು ಕೊಳವೆಗಳಲ್ಲಿ ತಂದಿತು.

ಶಾಶ್ವತವಾದ ಮುಂದಿನ ಬಾಚಿಹಲ್ಲುಗಳ ಕವಚವು ಮಗುವಿಗೆ ಮೂರು ನಾಲ್ಕು ತಿಂಗಳಾದಾಗಿನಿಂದ ನಾಲ್ಕೈದು ವರ್ಷದವರೆಗೆ ಒಸಡಿನೊಳಗೆ ಕಟ್ಟಿಕೊಳ್ಳುತ್ತದೆ. ಆ ಹಲ್ಲು ಹೊರಗೆ ಕಾಣುವುದು ಆರರಿಂದ ಎಂಟನೆಯ ವರ್ಷದ ನಡುವೆ. ಹೀಗಾಗಿ ಊರಿಗೆ ಈ ವರ್ಷ ಒಳ್ಳೆಯ ನೀರು ಬಂದರೆ, ಅದರ ಫಲವನ್ನು ಏಳೆಂಟು ವರ್ಷಗಳ ಅನಂತರ ಮೊದಲು ಕಾಣುವವರು ಎರಡನೆಯ ಮೂರನೆಯ ತರಗತಿಗಳ ಉಪಾಧ್ಯಾಯರು.